ಬಿಪಿಗೂ ಒಂದು ವೇ ಬಿಲ್

ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ನಾನು. ಈಗ ವಯಸ್ಸು 72. ಸ್ಟೇಜು ಸ್ಟೇಜಿಗೂ ವೇ ಬಿಲ್, ಅಂದರೆ ಟಿಕೆಟ್ ಲೆಕ್ಕದ ಹಾಳೆ, ಬರೆದ ಕೈ ಸುಮ್ಮನಿರಲ್ಲ, ಹಳೇ ಡೈರಿಯಲ್ಲಿ ಬಿಪಿ ಬರೆಯುತ್ತೆ.

ಮೊದಲು ನಾನು ನೋಡಿಕೊಳ್ಳುತ್ತಿದ್ದ ರೀತಿಯೇ ತಪ್ಪು. ಹಾಲು ತಂದು, ಮೆಟ್ಟಿಲು ಹತ್ತಿ, ಅಂಗಿ ತೋಳಿನ ಮೇಲೇ ಬಿಪಿ ಮಿಷನ್ನಿನ ಪಟ್ಟಿ ಸುತ್ತಿ ಗುಂಡಿ ಒತ್ತುತ್ತಿದ್ದೆ. 168 ಬಂತೆಂದರೆ ಗಾಬರಿ, ಆ ಗಾಬರಿಗೆ ಮತ್ತಷ್ಟು ಏರಿಕೆ. ಈಗ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿಗೂ ಮಾತ್ರೆಗೂ ಮುಂಚೆ, ಬೆನ್ನು ಆನಿಸುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರುತ್ತೇನೆ. ಪಾದ ನೆಲದ ಮೇಲೆ, ಪಟ್ಟಿ ಬರಿ ತೋಳಿಗೆ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಮಾತಾಡಬಾರದು, ನಮ್ಮನೆಯವಳಿಗೋ ಆಗಲೇ "ತಿಂಡಿಗೇನು ಮಾಡ್ಲಿ ರೀ?" ಅಂತ ಕೇಳಬೇಕು! ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡನ್ನೂ ಬರೆಯಿರಿ. ಸಂಜೆಯೂ ಹೀಗೇ. ಡಾಕ್ಟರ ಹತ್ತಿರ ಹೋಗುವ ಮುಂಚಿನ ಒಂದು ವಾರ ಬರೆದರೆ ಸಾಕು. ಮನೆಯಲ್ಲಿ ಸರಾಸರಿ 135/85 ದಾಟಿದರೆ ಹೆಚ್ಚೆಂದೇ ಲೆಕ್ಕ. ನಿಮಗೆಷ್ಟಿರಬೇಕು ಅನ್ನೋದನ್ನ ಡಾಕ್ಟರೇ ಹೇಳಬೇಕು.

ನಿಂತೂ ನೋಡಿಕೊಳ್ಳಿ. ಒಂದು ರಾತ್ರಿ ಬಚ್ಚಲಿಗೆಂದು ದಡಕ್ಕನೆ ಎದ್ದವನು ಗೋಡೆ ಹಿಡಿದು ಕುಸಿದೆ. ಬಿಪಿ ಏರಿದೆ ಅಂದುಕೊಂಡೆವು. ಮಾರನೇ ದಿನ ನೋಡಿದರೆ ಕೂತಾಗ 138, ನಿಂತಾಗ 112! ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ನನಗೆ ಮಾತ್ರೆ ಬದಲಿಸಿದರು. ಬಸ್ಸು ಪೂರ್ತಿ ನಿಂತ ಮೇಲೆ ಇಳೀರಿ ಅಂತ ಊರಿಗೆಲ್ಲ ಹೇಳಿದವನು, ಈಗ ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಒಂದು ನಿಮಿಷ ಕೂತೇ ಏಳುವುದು.

ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ ಮೀರಬಾರದು, ಒಂದು ಟೀ ಚಮಚ. ಸಾರಿಗೆ ಕಡಿಮೆ ಮಾಡಿ ಮೊಸರನ್ನಕ್ಕೆ ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ ಬಡಿಸಿಕೊಂಡರೆ ಏನು ಬಂತು? ಸೈಂಧವ ಲವಣವೂ ಉಪ್ಪೇ. ಬಿಪಿಯವರಿಗೆಂದು ಮಾರುವ ಪೊಟ್ಯಾಸಿಯಂ ಉಪ್ಪನ್ನು, ಕಿಡ್ನಿ ತೊಂದರೆಯಿದ್ದರಂತೂ, ಕೇಳದೆ ತರಬೇಡಿ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಬಿಪಿ ಏರಿಸುತ್ತವೆ.

180/120 ಕಂಡರೆ ಐದು ನಿಮಿಷ ಕೂತು ಮತ್ತೆ ನೋಡಿ. ಇಳಿಯದಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಎದೆನೋವು, ಬಾಯಿ ಸೊಟ್ಟ, ಮಾತು ತೊದಲು, ಒಂದು ಕೈ ಸೋತಂತಾದರೆ ಮಿಷನ್ ಬದಿಗಿಟ್ಟು 108ಕ್ಕೆ ಕರೆ ಮಾಡಿ. ಇನ್ನೊಂದು ಮಾತ್ರೆ ನುಂಗಿ ಕಾಯುತ್ತಾ ಕೂರಬೇಡಿ.