ಇಪ್ಪತ್ತು ಸಹಿ ಬೇಕಿತ್ತು, ಇಪ್ಪತ್ಮೂರು ಸಿಕ್ಕಿತು

1998ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪ್ರೊಪೊಸಿಷನ್ 227, ಅಂದರೆ ಜನರೇ ಓಟು ಹಾಕಿ ತಂದ ಶಾಲಾ ಕಾನೂನು, ಗೆದ್ದಿತು. ಇನ್ನು ಪಾಠವೆಲ್ಲ ಇಂಗ್ಲಿಷ್‌ನಲ್ಲೇ. ನಾನಿದ್ದದ್ದು ಸಲೀನಾಸ್ ಕಣಿವೆಯಲ್ಲಿ, ಎರಡನೇ ಕ್ಲಾಸಿಗೆ ಟೀಚರ್. ಲೆಟ್ಯೂಸ್ ಕೊಯ್ಯುವವರ ಮಕ್ಕಳು, ಮನೆಮಾತು ಸ್ಪ್ಯಾನಿಷ್. ನಮ್ಮ ಶಾಲೆಗಳ ಆಡಳಿತ ನೋಡುವ ಡಿಸ್ಟ್ರಿಕ್ಟಿನವರು ಬೇಸಿಗೆ ರಜೆಯಲ್ಲೇ ಸ್ಪ್ಯಾನಿಷ್ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿಸಿಬಿಟ್ಟರು.

ವೇವರ್, ಅಂದರೆ ಕಾನೂನಿನಿಂದ ವಿನಾಯಿತಿ, ಆ ದಾರಿಯೊಂದು ಉಳಿದಿತ್ತು. ಅಪ್ಪ ಅಮ್ಮ ಖುದ್ದಾಗಿ ಶಾಲೆಗೇ ಬಂದು ಅರ್ಜಿ ಹಾಕಬೇಕು. ಒಂದು ತರಗತಿಯಲ್ಲಿ 20 ಮಕ್ಕಳಿಗೆ ವೇವರ್ ಸಿಕ್ಕರೆ ಶಾಲೆ ದ್ವಿಭಾಷಾ ಕ್ಲಾಸು ನಡೆಸಲೇಬೇಕು. ಅದಕ್ಕೂ ಮೊದಲು ಸಣ್ಣ ಮಕ್ಕಳು 30 ದಿನ ಇಂಗ್ಲಿಷ್ ಕ್ಲಾಸಿನಲ್ಲಿ ಕೂರಬೇಕು. "ಹತ್ತೂ ಬರಲ್ಲ" ಅಂದರು ಸಹೋದ್ಯೋಗಿಗಳು.

ಮೊದಲು ಕಾನೂನನ್ನೇ ಸ್ಪ್ಯಾನಿಷ್‌ಗೆ ತಿರುಗಿಸಿ ಮಕ್ಕಳ ಕೈಲಿ ಮನೆಗೆ ಕಳಿಸಿದೆ. ಅರ್ಧದಷ್ಟು ರಾಕೆಟ್ ಆಗಿ ಅಂಗಳದಲ್ಲೇ ಹಾರಿದವು. ಆಮೇಲೆ ಬೆಳಿಗ್ಗೆ ಹತ್ತಕ್ಕೆ ಸಭೆ ಕರೆದೆ. ನಾಲ್ಕೇ ಜನ! ಕೊಯ್ಲಿನ ಹೊತ್ತಲ್ವಾ, ನನಗೇ ಬುದ್ಧಿ ಇರಲಿಲ್ಲ. ಜೆರಾಕ್ಸು, ಬ್ರೆಡ್ಡು, ಕಾಫಿ ಅಂತ ಸುಮಾರು 70 ಡಾಲರ್ ನನ್ನ ಕೈಯಿಂದಲೇ ಹೋಯಿತು.

ಕಾದಿದ್ದ 30 ದಿನದಲ್ಲಿ ಗೋಡೆಗೆ ಜೋಡಿ ಪದ ಅಂಟಿಸಿದೆವು. ಫಮೀಲಿಯಾ, ಫ್ಯಾಮಿಲಿ. ಹೀಗೆ ನೂರರ ಮೇಲಾದವು. 'ಎಕ್ಸಿತೊ' ಮಾತ್ರ ಕೈಕೊಟ್ಟಿತು. ಮಕ್ಕಳು ಅದನ್ನು ಎಕ್ಸಿಟ್ ಜೊತೆ ಅಂಟಿಸಿದ್ದರು, ಸ್ಪ್ಯಾನಿಷ್‌ನಲ್ಲಿ ಎಕ್ಸಿತೊ ಅಂದರೆ ಗೆಲುವು. ಬಳ್ಳಾರಿಯಲ್ಲಿ ಬೆಳೆದ ನನಗೆ ಇದು ಹೊಸದಲ್ಲ. ಮನೆಯ ತೆಲುಗಿನಲ್ಲಿ 'ಅವಸರಂ' ಅಂದರೆ ಬೇಕಾದದ್ದು, ಬೀದಿಯ ಕನ್ನಡದಲ್ಲಿ 'ಅವಸರ' ಅಂದರೆ ಗಡಿಬಿಡಿ.

ಕೊನೆಗೆ ಕೆಲಸಕ್ಕೆ ಬಂದದ್ದು ಎರಡು ನೋಟ್‌ಬುಕ್. ಒಂದೇ ಮಗು ಬರೆದದ್ದು. ಇಂಗ್ಲಿಷಿನದರಲ್ಲಿ ಐದು ಪದ. ಸ್ಪ್ಯಾನಿಷಿನದರಲ್ಲಿ ಅಜ್ಜಿಯ ಮೇಕೆ ತಪ್ಪಿಸಿಕೊಂಡ ಕಥೆ, ಪುಟ ತುಂಬಾ. ಒಬ್ಬ ಅಪ್ಪ ಲೆಟ್ಯೂಸಿನ ಹಾಲಿನಿಂದ ಕಪ್ಪಾದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಎರಡನ್ನೂ ತಿರುವಿದ. "ಇಂಗ್ಲಿಷ್ ಬರುತ್ತೆ ತಾನೇ?" ಅಂದ. ಬರುತ್ತೆ, ಇದರ ಮೇಲೇ ಕಟ್ಟುತ್ತೀನಿ ಅಂದೆ. ಪೆನ್ನು ಕೇಳಿದ.

ಸಂಜೆ ಏಳರವರೆಗೆ ಆಫೀಸ್ ತೆರೆದಿಡಲು ಪ್ರಿನ್ಸಿಪಾಲರನ್ನು ಹೇಗೆ ಒಪ್ಪಿಸಿದೆ ಅನ್ನೋದು ನನ್ನಲ್ಲೇ ಇರಲಿ. ಅಕ್ಟೋಬರ್ ಮುಗಿಯುವಷ್ಟರಲ್ಲಿ 23 ಸಹಿ. ಹತ್ತೂ ಬರಲ್ಲ ಅಂದವರೇ ಪೆಟ್ಟಿಗೆ ಬಿಚ್ಚಲು ಬಂದರು.

ಪ್ರತಿ ವರ್ಷ ಹೊಸದಾಗಿ ಸಹಿ ಬೇಕಿತ್ತು. ನೋಟ್‌ಬುಕ್ ಮಾತ್ರ ಅವೇ ಎರಡು. 2016ರಲ್ಲಿ ಹಳೆಯ ಕಾನೂನನ್ನು ತಿದ್ದುವ ಪ್ರೊಪೊಸಿಷನ್ 58 ಬಂದು ವೇವರ್ ಕಾಟ ತಪ್ಪಿತು. ಆ 70 ಡಾಲರ್ ಬಿಲ್ಲು ಇನ್ನೂ ಪಾಸಾಗಿಲ್ಲ.