ಆರ್ಕ್‌ಗಳ ಕೈಗೆ ಕವಡೆ ಕೊಟ್ಟೆ

ಹೋದ ತಿಂಗಳು ಒಂದು ಭಾನುವಾರ ರಾತ್ರಿ, ನಮ್ಮ ಊಟದ ಟೇಬಲ್ ಮೇಲೆ, ಪುಟ್ಟ ಗೊಂಬೆಗಳ ಯುದ್ಧದಾಟದಲ್ಲಿ, ಕಟ್ಟುಕಥೆಯ ರಾಕ್ಷಸರಾದ ಒಂಬತ್ತು ಆರ್ಕ್‌ಗಳು ನನ್ನ ಐದು ಜನರ ಪಡೆಯನ್ನು ಸೋಲಿಸಿದವು. ಆರ್ಕ್‌ಗಳನ್ನು ಆಡಿಸಿದ್ದೂ ನಾನೇ. ಆದರೂ ಸೋಲು ಬರುತ್ತಿದೆ ಅಂತ ಕೊನೆಯ ಎರಡು ಸರದಿಯವರೆಗೆ ನನಗೆ ಗೊತ್ತಾಗಲಿಲ್ಲ. ಮೂರು ವರ್ಷದಿಂದ ನಾನು ಕಾದಿದ್ದು ಇಂಥ ಸೋಲಿಗೇ.

ಮೊದಲು ನಾವು ನಾಲ್ಕು ಜನ ಆಡುತ್ತಿದ್ದೆವು. ಇಬ್ಬರು ಬೆಂಗಳೂರು ಸೇರಿದರು, ಒಬ್ಬ ಜರ್ಮನಿಗೆ ಹೋದ. ಶಿವಮೊಗ್ಗದಲ್ಲಿ ಉಳಿದವನು ನಾನೊಬ್ಬನೇ. ಒಬ್ಬನೇ ಆಡುತ್ತೇನೆ ಅಂದಾಗ ಬೆಂಗಳೂರಿನ ಗೆಳೆಯ, 'ಕನ್ನಡಿ ಮುಂದೆ ನಿಂತು ಕುಸ್ತಿ ಆಡಿದ ಹಾಗೆ ಅದು, ಬಿಡು' ಅಂದ. ಇಂಗ್ಲೆಂಡಿನ ಡೊನಾಲ್ಡ್ ಫೆದರ್‌ಸ್ಟೋನ್ 1973ರಲ್ಲೇ ಒಂಟಿಯಾಗಿ ಯುದ್ಧದಾಟ ಆಡುವ ಬಗ್ಗೆ ಪೂರ್ತಿ ಪುಸ್ತಕ ಬರೆದಿದ್ದಾರೆ ಅಂತ ಹೇಳಿದೆ. 'ಅವರು ಗೆಲ್ಲೋದು ಯಾರು ಅಂತ ಮೊದಲೇ ತೀರ್ಮಾನ ಮಾಡ್ಕೊಂಡಿರ್ತಾರೆ' ಅಂದುಬಿಟ್ಟ. ಆ ಮಾತು ನನಗೆ ತುಂಬಾ ದಿನ ಚುಚ್ಚಿತು, ಯಾಕೆಂದರೆ ನನ್ನ ವಿಷಯದಲ್ಲಿ ಅದು ನಿಜವಾಗಿತ್ತು.

ನಾನು ಆಡುವುದು ಸಾಂಗ್ ಆಫ್ ಬ್ಲೇಡ್ಸ್ ಅಂಡ್ ಹೀರೋಸ್ ಅನ್ನುವ, ಸಣ್ಣ ಪಡೆಗಳ ಯುದ್ಧದಾಟದ ನಿಯಮಗಳಲ್ಲಿ. ಗೊತ್ತಿರುವವರಿಗೆ ಜಾಸ್ತಿ ಹೇಳಬೇಕಿಲ್ಲ. ಒಬ್ಬೊಬ್ಬನನ್ನು ಎಬ್ಬಿಸಿ ನಡೆಸಲು ಒಂದು, ಎರಡು ಅಥವಾ ಮೂರು ದಾಳ ಹಾಕಬಹುದು. ಎರಡು ದಾಳ ತಪ್ಪಿದರೆ ಸರದಿ ಎದುರಾಳಿಗೆ ಹೋಗುತ್ತದೆ. ಇಡೀ ಆಟದ ಜೀವ ಇರುವುದು 'ಎಷ್ಟು ದಾಳ?' ಅನ್ನುವ ಆ ಒಂದು ನಿರ್ಧಾರದಲ್ಲಿ. ನಾನು ಮೋಸ ಮಾಡುತ್ತಿದ್ದದ್ದೂ ಅಲ್ಲೇ.

ಮೋಸ ಅಂತ ಗೊತ್ತಾಗಿದ್ದು ಲೆಕ್ಕ ಬರೆದಿಟ್ಟ ಮೇಲೆ. ಮೊದಲ ಹದಿನಾಲ್ಕು ಆಟದಲ್ಲಿ ಹದಿಮೂರು ನಾನೇ ಗೆದ್ದಿದ್ದೆ. ನೋಟ್‌ಬುಕ್ ತಿರುವಿ ನೋಡಿದರೆ, ನನ್ನವರಿಗೆ ಹೆಚ್ಚಾಗಿ ಎರಡೇ ದಾಳ ಹಾಕಿದ್ದೆ. ಆರ್ಕ್‌ಗಳಿಗೆ ಮೂರರಲ್ಲಿ ಎರಡು ಸಲ ಮೂರು ದಾಳ. 'ಆರ್ಕ್ ಅಂದ್ರೆ ಮುನ್ನುಗ್ಗೋ ಜಾತಿ, ಮೂರು ಹಾಕೋಣ' ಅಂತ ಮನಸ್ಸು ನೆಪ ಹೇಳುತ್ತಿತ್ತು. ನನ್ನ ಆರ್ಕ್‌ಗಳ ಕ್ವಾಲಿಟಿ ನಾಲ್ಕು, ಅಂದರೆ ನಾಲ್ಕೋ ಅದಕ್ಕಿಂತ ಹೆಚ್ಚೋ ಬಿದ್ದರೆ ದಾಳ ಸರಿ, ಒಂದೊಂದು ದಾಳವೂ ಅರ್ಧಕ್ಕರ್ಧ. ಎರಡು ದಾಳ ಹಾಕಿದರೆ ಸರದಿ ಕಳೆದುಕೊಳ್ಳುವುದು ನಾಲ್ಕರಲ್ಲಿ ಒಂದು ಸಲ. ಮೂರು ಹಾಕಿದರೆ ಎರಡರಲ್ಲಿ ಒಂದು ಸಲ. ನಾನು ಅವುಗಳನ್ನು ಕೈ ಹಿಡಿದು ಹಳ್ಳಕ್ಕೆ ತಳ್ಳುತ್ತಿದ್ದೆ.

ಆರ್ಕ್ ಏನು ಮಾಡಬೇಕು ಅನ್ನುವ ನಿರ್ಧಾರ ನನ್ನ ಕೈಯಿಂದ ತಪ್ಪಿಸಲು ಮೊದಲು ಎಂಟು ಸಾಲಿನ ಒಂದು ಪಟ್ಟಿ ಮಾಡಿದೆ. ಹತ್ತಿರದವನ ಮೇಲೆ ಬೀಳು, ಗಾಯ ಆದವನನ್ನು ಹುಡುಕು, ಹೀಗೆ. ಎರಡೇ ಆಟಕ್ಕೆ ಆ ಪಟ್ಟಿ ನನಗೆ ಬಾಯಿಪಾಠ ಆಯಿತು. ಬಿಲ್ಲುಗಾರನನ್ನು ಹೊಳೆ ಆಚೆ ನಿಲ್ಲಿಸಿದರೆ ಸಾಕು, ಆರ್ಕ್‌ಗಳು ಸಂತೆಗೆ ಹೋಗುವ ಕುರಿಗಳ ಹಾಗೆ ಸಾಲಾಗಿ ನೀರಿಗಿಳಿದು ಬರುತ್ತಿದ್ದವು. ಆಮೇಲೆ ಇಸ್ಪೀಟು ಎಲೆ ಹಿಡಿದೆ, ಒಂದೊಂದು ಬಣ್ಣಕ್ಕೆ ಒಂದೊಂದು ಕೆಲಸ. ಅದು ಪೂರ್ತಿ ಹುಚ್ಚಾಟ. ಎದುರಿಗೆ ಬಿದ್ದಿರುವ ನನ್ನ ಕತ್ತಿಯವನನ್ನು ಬಿಟ್ಟು ಆರ್ಕ್ ಬೆನ್ನು ತಿರುಗಿಸಿ ಕಾಡಿಗೆ ನಡೆಯುತ್ತಿತ್ತು. ಅಂಥವನನ್ನು ಕೊಂದರೆ ಏನು ಖುಷಿ?

ಕವಡೆ ಹೊಳೆದದ್ದು ಅಜ್ಜಿ ಮನೆಯಲ್ಲಿ. ಮಳೆಗಾಲ, ಕರೆಂಟಿಲ್ಲ, ಜಗಲಿಯಲ್ಲಿ ಚೌಕಾಬಾರ ನಡೀತಿತ್ತು. ಒಂದು, ಎರಡು, ಮೂರು ಬೀಳುತ್ತಲೇ ಇದ್ದವು. ಯಾವಾಗಲೋ ಒಮ್ಮೆ ನಾಲ್ಕೂ ಬಾಯಿ ಮೇಲಾಗಿ ಚೌಕ ಬೀಳುತ್ತಿತ್ತು, ನಾಲ್ಕೂ ಬೋರಲಾದರೆ ಬಾರ, ಎಂಟು. ಬಾರ ಬಿದ್ದಾಗ ಜಗಲಿ ಇಡೀ ಕೂಗು. ನನಗೆ ಬೇಕಾದ ಸಂಖ್ಯೆಗಳೂ ಒಂದು, ಎರಡು, ಮೂರೇ ಅಲ್ವಾ? ಅಜ್ಜಿಯ ಹತ್ತಿರ ನಾಲ್ಕು ಕವಡೆ ಕೇಳಿ ತಂದೆ.

ಕ್ರಮ ಇಷ್ಟೇ. ನನ್ನ ಪಡೆಗೆ ಎಷ್ಟು ದಾಳ ಅಂತ ನಾನೇ ತೀರ್ಮಾನಿಸುತ್ತೇನೆ. ಆರ್ಕ್‌ಗಳ ಸರದಿ ಬಂದಾಗ, ನನ್ನವರಿಗೆ ಹತ್ತಿರ ಇರುವ ಆರ್ಕ್‌ನಿಂದ ಶುರು. ಕವಡೆ ಹಾಕುತ್ತೇನೆ. ಎಷ್ಟು ಬಾಯಿ ಮೇಲಾದವೋ ಅಷ್ಟು ದಾಳ. ಚೌಕ ಬಿದ್ದರೆ ಆ ಆರ್ಕ್ ಬದಲು ನಾಯಕ ಎದ್ದು ಗುಂಪಿಗೆ ಅಪ್ಪಣೆ ಕೊಡುತ್ತಾನೆ, ಅವನ ಹತ್ತಿರ ಇರುವವರೆಲ್ಲ ಒಟ್ಟಿಗೆ ಹೊರಡುತ್ತಾರೆ. ಬಾರ ಬಿದ್ದರೆ ನನ್ನ ಗುಟ್ಟಿನ ಪಟ್ಟಿ ತೆಗೆಯಬೇಕು. ಅದರಲ್ಲಿ ಹನ್ನೊಂದು ಸಂಗತಿ ಇವೆ. ಒಂದನ್ನು ಕೆಳಗೆ ಹೇಳುತ್ತೇನೆ, ಉಳಿದದ್ದು ನನ್ನ ಹತ್ತಿರವೇ ಇರಲಿ.

ಇದಕ್ಕೆ ಕವಡೆಯೇ ಯಾಕೆ, ಆರು ಮುಖದ ದಾಳ ಸಾಲದೇ ಅಂತ ಜರ್ಮನಿಯವನು ಕೇಳಿದ. ಒಂದು ಸಂಜೆ ಕೂತು ಇನ್ನೂರು ಸಲ ಹಾಕಿ ನೋಡಿದೆ. ನೆನಪಿನಿಂದ ಹೇಳುವುದಾದರೆ ಎರಡು ಎಪ್ಪತ್ತರ ಹತ್ತಿರ, ಮೂರು ಅರವತ್ತರ ಹತ್ತಿರ, ಒಂದು ನಲವತ್ತೈದು. ಚೌಕ ಒಂದು ಹದಿನೈದು, ಬಾರ ಹತ್ತಿರಬಹುದು. ಅಂದರೆ ಆರ್ಕ್ ಬಹುತೇಕ ಬುದ್ಧಿವಂತನ ಹಾಗೇ ನಡೆಯುತ್ತದೆ, ಆಗಾಗ ದುಡುಕುತ್ತದೆ, ಅಪರೂಪಕ್ಕೆ ಎದೆ ಝಲ್ಲೆನಿಸುತ್ತದೆ. ನನ್ನ ಕವಡೆ ಸ್ವಲ್ಪ ಬಾಯಿ ಮೇಲಾಗಿಯೇ ಬೀಳುತ್ತವೆ. ಅದೇ ಅವುಗಳ ಸ್ವಭಾವ ಅಂತ ಹಾಗೇ ಬಿಟ್ಟಿದ್ದೇನೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ, ಇಲ್ಲಿ ನಾನು ಚೆನ್ನಾಗಿ ಕೈ ಸುಟ್ಟುಕೊಂಡಿದ್ದೇನೆ. ಮೊದಲ ಆರ್ಕ್ ಡಬ್ಬಿಯನ್ನು ಹೊರಗಿಂದ ತರಿಸಿದೆ. ಬೆಲೆ ಮೂರು ಸಾವಿರದ ಎಂಟುನೂರೋ ಏನೋ. ಕೊರಿಯರ್, ಸುಂಕ ಸೇರಿ ಇನ್ನೂ ಸಾವಿರದ ಏಳುನೂರು. ಅದರಲ್ಲಿ ಎರಡು ಕೈ, ಒಂದು ಕೊಡಲಿ ಮುರಿದು ಬಂದಿದ್ದವು. ಎರಡನೇ ಗುಂಪನ್ನು ರೆಸಿನ್ ಅಂಟಿನಲ್ಲಿ 3ಡಿ ಪ್ರಿಂಟ್ ಮಾಡುವ ಹುಡುಗನೊಬ್ಬನ ಹತ್ತಿರ ಮಾಡಿಸಿದೆ, ಒಂದಕ್ಕೆ ತೊಂಬತ್ತು ರೂಪಾಯಿ. ಆ ಆರು ಆರ್ಕ್‌ಗಳಲ್ಲಿ ಡಬ್ಬಿಯವಕ್ಕಿಂತ ಒಳ್ಳೆಯ ಮುಖ ಇವೆ.

ಬಣ್ಣದಲ್ಲಿ ಸೋತದ್ದು ಜುಲೈ ತಿಂಗಳಲ್ಲಿ. ಮಳೆ ಹಿಡಿದಿದ್ದಾಗ ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆದೆ. ಬೆಳಿಗ್ಗೆ ನೋಡಿದರೆ ಐದು ಆರ್ಕ್‌ಗಳ ಮೇಲೆ ಬೂದಿ ಬಳಿದ ಹಾಗೆ ಬಿಳಿ ಪೊರೆ. ಒಂದು ವಾರದ ಕೆಲಸ. ಹೊಳಪಿನ (ಗ್ಲಾಸಿ) ವಾರ್ನಿಷ್ ಅನ್ನು ಕುಂಚದಲ್ಲಿ ತೆಳ್ಳಗೆ ಬಳಿದೆ, ಹಸಿರು ಮತ್ತೆ ಎದ್ದು ಬಂತು. ಈಗ ಮಳೆಗಾಲದಲ್ಲಿ ಸ್ಪ್ರೇ ಮುಟ್ಟುವುದಿಲ್ಲ. ಥರ್ಮಕೋಲಿನ ಗುಡ್ಡದ ಮೇಲೆ ನೇರ ಸ್ಪ್ರೇ ಹೊಡೆದು ಗುಡ್ಡವೇ ಕರಗಿ ಗುಂಡಿ ಆದದ್ದೂ ಇದೆ. ಮೊದಲು ಫೆವಿಕಾಲ್ ಬಳಿದು ಒಣಗಿಸಬೇಕಿತ್ತು.

ಬಂಡೆಗೆ ಅಡಿಕೆ ಹಾಳೆ ಸಿಕ್ಕಿದ ಮೇಲೆ ಥರ್ಮಕೋಲನ್ನೇ ಬಿಟ್ಟೆ. ಹಾಳೆಯನ್ನು ನೆನೆಸಿ, ಹರಿದು, ಪದರ ಪದರವಾಗಿ ಅಂಟಿಸಿ, ಬೂದು ಬಣ್ಣ ಬಳಿದು, ಒಣ ಕುಂಚ ಎಳೆದರೆ ಅದರ ಗೆರೆಗಳು ಕಲ್ಲಿನ ಸೀಳುಗಳಾಗಿ ಕಾಣುತ್ತವೆ. ಖರ್ಚು ಸೊನ್ನೆ. ತರಗೆಲೆಗೆ ಕುದಿಸಿ ಸೋಸಿದ ಚಹಾಪುಡಿ ಚೆನ್ನಾಗಿರುತ್ತದೆ, ಆದರೆ ಕಾವಲಿ ಮೇಲೆ ಪೂರ್ತಿ ಹುರಿದು ಒಣಗಿಸಿ. ನಾನು ಬಿಸಿಲಿಗೆ ಇಟ್ಟು ಸುಮ್ನೆ ಅಂಟಿಸಿದೆ. ಹದಿನೈದು ದಿನದಲ್ಲಿ ಕಾಡಿಗೆಲ್ಲ ಬಿಳಿ ಬೂಷ್ಟು.

ಆ ಭಾನುವಾರದ ಆಟಕ್ಕೆ ಬರೋಣ. ಮೂರಡಿಗೆ ಮೂರಡಿ ಬಯಲು, ನಡುವೆ ಹೊಳೆ, ಒಂದೇ ಕಡವು. ನನ್ನವರು ಐದು ಜನ, ನಾಲ್ವರು ದಡದಲ್ಲಿ, ಬಿಲ್ಲುಗಾರ್ತಿ ಬಂಡೆಯ ಮೇಲೆ. ಆರ್ಕ್‌ಗಳು ಮೊದಲೇ ಕಾಣುವುದಿಲ್ಲ. ಏಳು ಹುಣಸೆ ಬೀಜ ಬೋರಲು ಇಡುತ್ತೇನೆ, ನಾಲ್ಕರ ಅಡಿಯಲ್ಲಿ ಮಾತ್ರ ಗುರುತು. ಕಲಸಿ ಇಟ್ಟ ಮೇಲೆ ಯಾವುದರಲ್ಲಿ ಆರ್ಕ್ ಗುಂಪಿದೆ ಅಂತ ನನಗೂ ಗೊತ್ತಿರುವುದಿಲ್ಲ. ಬೀಜ ತಿರುಗಿಸುವಾಗ ಬೆರಳು ನಡುಗುತ್ತದೆ, ನಿಜವಾಗಿ.

ನಾಲ್ಕನೇ ಸರದಿವರೆಗೆ ಕೈ ನನ್ನದೇ ಮೇಲಿತ್ತು, ಮೂರು ಆರ್ಕ್ ಉರುಳಿದ್ದವು. ಐದನೆಯದರಲ್ಲಿ ಬಾರ ಬಿತ್ತು. ಪಟ್ಟಿಯಲ್ಲಿ ಬಂದದ್ದು ಇದು: ಸತ್ತ ಆರ್ಕ್‌ಗಳಲ್ಲಿ ಇಬ್ಬರು ಹೊಸಬರಾಗಿ, ಬಯಲಿನ ಅತಿ ಎತ್ತರದ ಜಾಗದ ಹಿಂದಿನಿಂದ ಬರುತ್ತಾರೆ. ಅತಿ ಎತ್ತರ ಅಂದರೆ ನನ್ನ ಬಿಲ್ಲುಗಾರ್ತಿ ನಿಂತ ಅಡಿಕೆ ಹಾಳೆಯ ಬಂಡೆ. ಅವಳು ಬಿದ್ದಳು. ಮುಂದಿನ ಸಲವೇ ಚೌಕ. ಆರ್ಕ್ ನಾಯಕ ಇಬ್ಬರನ್ನು ಕಟ್ಟಿಕೊಂಡು ಕಡವು ದಾಟಿ ನನ್ನ ನಾಯಕನ ಮೇಲೆ ಬಿದ್ದ. ಇಬ್ಬರಿಗೂ ಕಾಂಬ್ಯಾಟ್, ಅಂದರೆ ದಾಳಕ್ಕೆ ಕೂಡಿಸುವ ಕಾದಾಟದ ಬಲ, ನಾಲ್ಕು. ಸುತ್ತ ಇನ್ನಿಬ್ಬರು ಇದ್ದುದಕ್ಕೆ ನನ್ನವನಿಗೆ ಎರಡು ಕಡಿತ. ನನ್ನ ದಾಳ ಒಂದು, ಒಟ್ಟು ಮೂರು. ಅವನ ದಾಳ ಆರು, ಒಟ್ಟು ಹತ್ತು. ಮೂರು ಪಟ್ಟು ದಾಟಿತು, ಭೀಕರ ಸಾವು. ಉಳಿದ ಮೂವರೂ ಧೈರ್ಯದ ಪರೀಕ್ಷೆ ಹಾಕಬೇಕಾಯಿತು. ಇಬ್ಬರು ಓಡಿದರು. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಇಡೀ ಆಟವನ್ನು ಬೆಂಗಳೂರಿನ ಗೆಳೆಯ ವಿಡಿಯೊ ಕಾಲ್‌ನಲ್ಲಿ ನೋಡಿದ. ಮಾರನೇ ದಿನ ಅವನಿಂದ ಬಂದದ್ದು ಒಂದೇ ಪ್ರಶ್ನೆ, 'ಕವಡೆ ಎಲ್ಲಿ ಸಿಗುತ್ತೆ?'

ನನ್ನವರಿಗೂ ಕವಡೆ ಹಾಕಿ ನೋಡಿದ್ದೇನೆ. ಬೇಡ. ಆಟ ತಾನೇ ಆಡಿಕೊಳ್ಳುತ್ತದೆ, ನಾವು ನೋಡುತ್ತಾ ಕೂರಬೇಕು. ಆಡುಹುಲಿಯ ಹಾಗೆ ಸುತ್ತುವರಿದು ಕಟ್ಟಿಹಾಕುವ ನಿಯಮವೊಂದನ್ನು ತೋಳದ ಸವಾರರಿಗೆ ಸೇರಿಸುತ್ತಿದ್ದೇನೆ, ಅದಿನ್ನೂ ಹದಕ್ಕೆ ಬಂದಿಲ್ಲ. ಕವಡೆ ಪದ್ಧತಿಯಲ್ಲಿ ಈವರೆಗೆ ಒಂಬತ್ತು ಆಟ ಆಗಿವೆ. ಐದು ನನ್ನದು, ನಾಲ್ಕು ಆರ್ಕ್‌ಗಳದು. ಕಡವು ದಾಟಿದ ಆ ನಾಯಕನ ಭುಜದ ಮೇಲೆ ಮೊನ್ನೆ ಒಂದು ಕೆಂಪು ಪಟ್ಟಿ ಎಳೆದೆ. ಈ ಭಾನುವಾರ ಅವನು ಮತ್ತೆ ಬರುತ್ತಾನೆ, ಕ್ವಾಲಿಟಿ ಈಗ ಮೂರು.