ಪಾಲುದಾರಿಕೆಯ ಹಣ ಪಾವಗಡ ತಲುಪಿದ ಬಗೆ

ಬ್ರಿಟನ್ ಸರ್ಕಾರ 2015ರ ನವೆಂಬರಿನಲ್ಲಿ ಗ್ಲೋಬಲ್ ಚಾಲೆಂಜಸ್ ರಿಸರ್ಚ್ ಫಂಡ್ ಎಂಬ ನಿಧಿಯನ್ನು ಘೋಷಿಸಿ, 2016ರಿಂದ 2021ರವರೆಗೆ 150 ಕೋಟಿ ಪೌಂಡ್ ತೆಗೆದಿರಿಸಿತು. ಅದು ವಿದೇಶಿ ನೆರವಿನ ಬಾಬ್ತಿನಿಂದ ಬಂದ ಹಣವಾದ್ದರಿಂದ, ಸಂಶೋಧನೆಯ ಮುಖ್ಯ ಪ್ರಯೋಜನ ನೆರವಿಗೆ ಅರ್ಹವಾದ ದೇಶಗಳ ಜನರಿಗೆ ಸಲ್ಲಬೇಕೆಂಬ ಷರತ್ತಿತ್ತು. ಭಾರತ, ಇಥಿಯೋಪಿಯಾ ಎರಡೂ ಆ ಪಟ್ಟಿಯಲ್ಲಿದ್ದವು. ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನಾ ಪಾಲುದಾರಿಕೆಗಳ ಕೆಲಸ ನೋಡಿಕೊಳ್ಳುತ್ತಿದ್ದ ನಾನು, ಕುಡಿಯುವ ನೀರಿನ ಫ್ಲೋರೈಡ್ ಕುರಿತ ಯೋಜನೆಯೊಂದಕ್ಕೆ ಈ ನಿಧಿಯಿಂದ ಅನುದಾನ ತರುವ ಹೊಣೆ ಹೊತ್ತೆ. ಒಂದು ಕಡೆ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು, ಇನ್ನೊಂದು ಕಡೆ ಇಥಿಯೋಪಿಯಾದ ರಿಫ್ಟ್ ಕಣಿವೆ. ಪಾವಗಡದಲ್ಲಿ ಗ್ರಾನೈಟ್ ಬಗೆಯ ಗಟ್ಟಿ ಬಂಡೆ, ಅಲ್ಲಿ ಜ್ವಾಲಾಮುಖಿ ಶಿಲೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದು ಮಕ್ಕಳ ಹಲ್ಲು ಕಂದುಗಟ್ಟುವುದು, ದೊಡ್ಡವರ ಬೆನ್ನು ಮಂಡಿ ಬಿಗಿದುಕೊಳ್ಳುವುದು ಎರಡೂ ಕಡೆ ಒಂದೇ.

ಇಂಥ ನಿಧಿಗಳಿಗೆ ಅರ್ಜಿ ಹಾಕಲು ಹೊರಟ ನಮ್ಮ ಕಡೆಯ ಅಧ್ಯಾಪಕರು ಪ್ರಸ್ತಾವನೆ ಬರೆಯುವುದು ಹೇಗೆಂದು ಕೇಳುತ್ತಿರುತ್ತಾರೆ. ಹಣ ಯಾರ ಖಾತೆಗೆ, ಯಾವ ಹೊತ್ತಿಗೆ ಬರುತ್ತದೆ ಎಂಬುದು ಮೊದಲೇ ತೀರ್ಮಾನವಾಗದಿದ್ದರೆ ಎಷ್ಟು ಚೆನ್ನಾಗಿ ಬರೆದ ಪ್ರಸ್ತಾವನೆಯೂ ಸಮಾನರ ಸಹಯೋಗವಾಗಿ ನಿಲ್ಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗಾಗಿ ಬರವಣಿಗೆಗಿಂತ ಆ ಏರ್ಪಾಡಿನ ಬಗ್ಗೆಯೇ ಇಲ್ಲಿ ಹೆಚ್ಚು ಹೇಳುತ್ತೇನೆ.

ದೊಡ್ಡ ಅರ್ಜಿಗೆ ಮೊದಲು ನಮ್ಮ ಕೈಯಲ್ಲಿ ಒಂದು ಸಣ್ಣ ಮೊತ್ತವಿತ್ತು. ಈ ನಿಧಿಯ ಒಂದು ಭಾಗ ರಿಸರ್ಚ್ ಇಂಗ್ಲೆಂಡ್ ಎಂಬ ಸರ್ಕಾರಿ ಸಂಸ್ಥೆಯ ಮೂಲಕ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ನೇರವಾಗಿ ಹಂಚಿಕೆಯಾಗುತ್ತಿತ್ತು. ನಮ್ಮ ಪಾಲಿಗೆ ಬಂದದ್ದನ್ನು ಇಂಗ್ಲೆಂಡಿನಲ್ಲಿ ಸಭೆ ನಡೆಸಲು ಬಳಸದೆ, ಪಾವಗಡದ ಹಳ್ಳಿಗಳಲ್ಲಿ ಓಡಾಡಲು ಮತ್ತು ತುಮಕೂರಿನಲ್ಲಿ ಎಲ್ಲರೂ ಕೂತು ಮಾತನಾಡಲು ಬಳಸಿದೆವು. ನಮ್ಮ ವಿಶ್ವವಿದ್ಯಾಲಯದ ವಿಜ್ಞಾನಿಗಳ ಮನಸ್ಸಿನಲ್ಲಿದ್ದದ್ದು ಫ್ಲೋರೈಡ್ ಹೀರುವ ಹೊಸ ಶೋಧಕ ವಸ್ತು. ಹಳ್ಳಿಯ ಮನೆಯೊಂದರ ಅಡುಗೆಕೋಣೆಯಲ್ಲಿ ಶುದ್ಧ ನೀರಿನ ಘಟಕದಿಂದ ತಂದ ಇಪ್ಪತ್ತು ಲೀಟರಿನ ಕ್ಯಾನಿನ ಬಾಯಿಗೆ ತಟ್ಟೆ ಮುಚ್ಚಿತ್ತು. ಪಕ್ಕದ ಡ್ರಮ್ಮಿನಲ್ಲಿ ಬೋರ್‌ವೆಲ್ ನೀರಿತ್ತು. ಮುದ್ದೆಗೆ ಎಸರಿಡಲು ಆ ಮನೆಯಾಕೆ ಮೊಗೆದದ್ದು ಡ್ರಮ್ಮಿನಿಂದ. ಕೇಳಿದಾಗ, "ಕುಡಿಯಾಕೆ ಕ್ಯಾನ್ ನೀರು ಕಣಣ್ಣಾ, ಅಡಿಗೆಗೆಲ್ಲ ಬೋರಿನ ನೀರೇಯ. ದಿನಾ ಎರಡೆರಡು ಕ್ಯಾನ್ ಯಾರು ಹೊತ್ಕೊಂಡು ಬರ್ತಾರೆ?" ಎಂದರು. ಊಟದ ಮೂಲಕ ಒಳಹೋಗುವ ಫ್ಲೋರೈಡ್ ಎಷ್ಟು, ಘಟಕ ಇರುವ ಊರಿನಲ್ಲೂ ಅದು ಏಕೆ ನಿಲ್ಲುತ್ತಿಲ್ಲ ಎಂಬ ಪ್ರಶ್ನೆಯನ್ನು ರಾಜ್ಯದ ಪಾಲುದಾರ ವಿಶ್ವವಿದ್ಯಾಲಯದ ಅಧ್ಯಾಪಕಿಯೊಬ್ಬರು ಅಲ್ಲಿಂದಲೇ ರೂಪಿಸಿದರು, ಮತ್ತು ಅದೇ ಪ್ರಸ್ತಾವನೆಯ ಮೊದಲ ಭಾಗವಾಯಿತು. ಶೋಧಕ ವಸ್ತುವಿನ ಪ್ರಯೋಗ ಎರಡನೆಯ ಹಂತಕ್ಕೆ ಹೋಯಿತು.

ಇನ್ನು ಬಜೆಟ್. ಬ್ರಿಟನ್ನಿನ ಸಂಶೋಧನಾ ಮಂಡಳಿಗಳು ತಮ್ಮ ದೇಶದ ವಿಶ್ವವಿದ್ಯಾಲಯಕ್ಕೆ ಯೋಜನೆಯ ಪೂರ್ಣ ವೆಚ್ಚದ ಶೇಕಡಾ 80ರಷ್ಟನ್ನು ಮಾತ್ರ ಕೊಡುತ್ತವೆ, ಉಳಿದದ್ದನ್ನು ವಿಶ್ವವಿದ್ಯಾಲಯವೇ ಭರಿಸಬೇಕು. ಈ ನಿಧಿಯಲ್ಲಿ ಹೊರದೇಶದ ಪಾಲುದಾರರ ನೇರ ವೆಚ್ಚವನ್ನು ಮಾತ್ರ ಪೂರ್ತಿಯಾಗಿ ಕೊಡಲು ಅವಕಾಶವಿತ್ತು. ಆದರೆ ಆ ಹಣ ಬರುವ ಕ್ರಮದಲ್ಲೇ ತೊಡಕಿದೆ. ಪಾಲುದಾರರು ಮೊದಲು ಖರ್ಚು ಮಾಡಿ, ಬಿಲ್ಲು ಕಳುಹಿಸಿ, ಆಮೇಲೆ ಹಣ ಪಡೆಯುವುದು ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಸಾಮಾನ್ಯ ಒಪ್ಪಂದ ಪತ್ರದ ರೀತಿ. ತಿಂಗಳ ಸಂಬಳವನ್ನು ನಂಬಿದ ಕ್ಷೇತ್ರ ಸಹಾಯಕರಿಗೆ ಮೂರು ನಾಲ್ಕು ತಿಂಗಳು ತನ್ನ ಕೈಯಿಂದ ಕೊಟ್ಟು ಕಾಯುವ ಶಕ್ತಿ ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗೆ ಎಲ್ಲಿಂದ ಬರಬೇಕು? ನಾನು ನಮ್ಮ ಹಣಕಾಸು ವಿಭಾಗದವರೊಂದಿಗೆ ಕೂತು, ಪ್ರತಿ ಪಾಲುದಾರರ ಸಂಬಳ, ಓಡಾಟ, ಪರೀಕ್ಷಾ ಸಾಮಗ್ರಿಯ ಖರ್ಚನ್ನು ತಿಂಗಳವಾರು ಬರೆಸಿ, ಮೊದಲ ಕಂತನ್ನು ಮುಂಗಡವಾಗಿಯೇ ಕೊಡುವಂತೆ ಒಪ್ಪಿಸಿದೆ. ಅದಕ್ಕೆ ಅವರು ಕೇಳಿದ ಆಧಾರಗಳು ನ್ಯಾಯವಾದವೇ ಆಗಿದ್ದವು: ಹಿಂದಿನ ವರ್ಷಗಳ ಲೆಕ್ಕಪರಿಶೋಧನಾ ವರದಿ, ಖರೀದಿಯ ನಿಯಮ, ಹಣಕ್ಕೆ ಸಹಿ ಹಾಕುವ ಅಧಿಕಾರ ಯಾರದು ಎಂಬ ಪತ್ರ. ಅನುದಾನ ಮಂಜೂರಾದ ಮೇಲೆ ಇವನ್ನು ಹುಡುಕತೊಡಗಿದರೆ ಒಂದು ಬೇಸಿಗೆಯ ಕ್ಷೇತ್ರಕಾರ್ಯವೇ ಕೈತಪ್ಪುತ್ತದೆ. ಆದ್ದರಿಂದ ಅರ್ಜಿಯ ಹಂತದಲ್ಲೇ ಸಂಗ್ರಹಿಸಿಟ್ಟುಕೊಂಡೆವು.

ಭಾರತದ ಕಡೆ ಇನ್ನೊಂದು ವಿಚಾರವನ್ನು ಮೊದಲೇ ಬಗೆಹರಿಸಿಕೊಳ್ಳಬೇಕು. ಶಾಸನದಿಂದ ಸ್ಥಾಪಿತವಾಗಿ ಮಹಾಲೇಖಪಾಲರ ಲೆಕ್ಕಪರಿಶೋಧನೆಗೆ ಒಳಪಟ್ಟ ವಿಶ್ವವಿದ್ಯಾಲಯಗಳಿಗೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಿಂದ ವಿನಾಯಿತಿ ಇದೆ. ಟ್ರಸ್ಟು, ಸ್ವಯಂಸೇವಾ ಸಂಸ್ಥೆಗಳಿಗೆ ಆ ಕಾಯ್ದೆಯಡಿ ನೋಂದಣಿ ಬೇಕು. ಹಳ್ಳಿಗಳಲ್ಲಿ ಕೆಲಸ ಮಾಡುವ ಸಂಸ್ಥೆಗೆ ವಿಶ್ವವಿದ್ಯಾಲಯದ ಮೂಲಕವೇ ಹಣ ಕೊಟ್ಟರೆ ಸುಲಭವಲ್ಲವೇ ಎಂದು ಹಲವರು ಸೂಚಿಸಿದರು. ಸಂಸ್ಥೆಯ ಸ್ವಾತಂತ್ರ್ಯದ ದೃಷ್ಟಿಯಿಂದ ನಾನು ಅದಕ್ಕೆ ಒಪ್ಪದೆ, ಇಬ್ಬರೊಂದಿಗೂ ಪ್ರತ್ಯೇಕ ಒಪ್ಪಂದ ಮಾಡಿಸಿದೆ. 2020ರ ಸೆಪ್ಟೆಂಬರಿನ ತಿದ್ದುಪಡಿ ವಿದೇಶಿ ವಂತಿಗೆ ಪಡೆದವರು ಅದನ್ನು ಬೇರೆಯವರಿಗೆ ವರ್ಗಾಯಿಸುವುದನ್ನು ನಿಷೇಧಿಸಿ, ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿ, ನವದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲೇ ಖಾತೆ ತೆರೆಯಬೇಕೆಂದು ವಿಧಿಸಿದಾಗ, ಆ ಪ್ರತ್ಯೇಕ ಒಪ್ಪಂದದಿಂದಾಗಿ ನಮ್ಮ ಕೆಲಸಕ್ಕೆ ಹೊಸ ಖಾತೆಯ ಓಡಾಟ ಬಿಟ್ಟರೆ ಹೆಚ್ಚಿನ ಅಡ್ಡಿಯಾಗಲಿಲ್ಲ.

ನೀರಿನ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಮೀಟರುಗಳನ್ನು ಪಾಲುದಾರರ ಹೆಸರಿನಲ್ಲೇ ಖರೀದಿಸಿ, ಮಾದರಿಗಳನ್ನು ಅಲ್ಲಿಯೇ ಪರೀಕ್ಷಿಸುವಂತೆ ಏರ್ಪಾಡು ಮಾಡಿದೆವು. ಬಾಟಲಿಗಳು ವಿಮಾನ ಹತ್ತಿ ಇಂಗ್ಲೆಂಡಿಗೆ ಹೋಗುವ ಅಗತ್ಯವೇ ಬೀಳಲಿಲ್ಲ.

ಪಾವಗಡದವರೂ ರಿಫ್ಟ್ ಕಣಿವೆಯವರೂ ಪರಸ್ಪರ ಭೇಟಿಯಾಗಲು ಬಜೆಟ್ಟಿನಲ್ಲಿ ಜಾಗ ಮಾಡಿಸಿದ್ದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ. ಪಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡು ಇಥಿಯೋಪಿಯಾದವರೆಗೆ ಹೋದದ್ದು. ಸುಟ್ಟ ಎಲುಬಿನ ಇದ್ದಿಲಿನ ಶೋಧಕವೂ ಅಲ್ಲಿ ಬಳಕೆಗೆ ಬಂದಿದೆ. ಪಟಿಕದ ಪೂರೈಕೆ ತಪ್ಪಿದರೆ, ಕೆಳಗೆ ಕೂತ ಕೆಸರನ್ನು ಎಲ್ಲಿ ಹಾಕುವುದೆಂದು ತಿಳಿಯದಿದ್ದರೆ ಘಟಕಗಳು ಹೇಗೆ ನಿಂತುಹೋಗುತ್ತವೆ ಎಂದು ಅಲ್ಲಿಂದ ಬಂದ ಎಂಜಿನಿಯರರು ವಿವರಿಸಿದಾಗ, ನಮ್ಮ ಪಂಚಾಯಿತಿಯ ನೀರುಗಂಟಿಗಳು ಆರ್‌ಒ ಘಟಕದ ಮೆಂಬ್ರೇನು ಮತ್ತು ಹೊರಬಿಡುವ ಉಪ್ಪುನೀರಿನ ಬಗ್ಗೆ ಅದೇ ಮಾತನ್ನು ಹೇಳಿದರು. ನಡುವೆ ಅನುವಾದಕರಿದ್ದರೂ ಆ ಮಾತುಕತೆಗೆ ಇಂಗ್ಲೆಂಡಿನ ನಾವು ಯಾರೂ ಬೇಕಾಗಿರಲಿಲ್ಲ.

2020ರ ನವೆಂಬರಿನಲ್ಲಿ ಬ್ರಿಟನ್ ಸರ್ಕಾರ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇಕಡಾ 0.7ರಿಂದ 0.5ಕ್ಕೆ ಇಳಿಸುವುದಾಗಿ ಪ್ರಕಟಿಸಿತು. 2021ರ ಮಾರ್ಚಿನಲ್ಲಿ, ಆಗಲೇ ಒಪ್ಪಿಕೊಂಡ ಯೋಜನೆಗಳಿಗೂ ಕೈಗೆ ಬರಲಿರುವ ಹಣಕ್ಕೂ ನಡುವೆ 12 ಕೋಟಿ ಪೌಂಡುಗಳ ಕೊರತೆಯಿದೆ ಎಂದು ಸಂಶೋಧನಾ ಮಂಡಳಿಗಳ ಮೇಲ್ಸಂಸ್ಥೆಯಾದ ಯುಕೆ ರಿಸರ್ಚ್ ಅಂಡ್ ಇನೊವೇಶನ್ ವಿಶ್ವವಿದ್ಯಾಲಯಗಳಿಗೆ ತಿಳಿಸಿತು. ನಾವೂ ಬಜೆಟ್ಟನ್ನು ಮತ್ತೆ ಬರೆದೆವು. ಯಾವುದನ್ನು ಉಳಿಸಬೇಕೆಂದು ಪಾಲುದಾರರೇ ಮೊದಲು ಪಟ್ಟಿ ಮಾಡಲಿ ಎಂದು ನಾನು ಪಟ್ಟುಹಿಡಿದೆ. ಕ್ಷೇತ್ರ ಸಹಾಯಕರ ಸಂಬಳ, ಮನೆಮನೆಯ ಅಡುಗೆ ನೀರಿನ ಪರೀಕ್ಷೆ, ಫಲಿತಾಂಶವನ್ನು ಆಯಾ ಮನೆಗೆ ತಿಳಿಸುವ ಕೆಲಸ ಪಟ್ಟಿಯ ಮೇಲ್ಭಾಗದಲ್ಲಿದ್ದವು. ಇಂಗ್ಲೆಂಡಿನ ಸಮ್ಮೇಳನ, ನಮ್ಮ ಪ್ರಯಾಣ, ಶೋಧಕದ ಪ್ರಾಯೋಗಿಕ ಘಟಕ ಬಿಟ್ಟುಹೋದವು. ಯೋಜನೆ ನಡುವೆ ನಿಂತರೂ ಸಹಾಯಕರಿಗೆ ನೋಟಿಸು ಅವಧಿಯ ಸಂಬಳ ಸಲ್ಲಬೇಕೆಂದು ಒಪ್ಪಂದದಲ್ಲಿ ಸೇರಿಸಿದ್ದ ಒಂದು ವಾಕ್ಯ ಆ ತಿಂಗಳುಗಳಲ್ಲಿ ತುಂಬ ಉಪಯೋಗಕ್ಕೆ ಬಂತು.

2022ರ ಡಿಸೆಂಬರಿನಲ್ಲಿ ಬ್ರಿಟನ್ ಇಂಟರ್‌ನ್ಯಾಷನಲ್ ಸೈನ್ಸ್ ಪಾರ್ಟ್‌ನರ್‌ಶಿಪ್ಸ್ ಫಂಡ್ ಎಂಬ ಹೊಸ ನಿಧಿಯನ್ನು ಆರಂಭಿಸಿದೆ. 2027ರ ಹೊತ್ತಿಗೆ ನೆರವನ್ನು ಶೇಕಡಾ 0.3ಕ್ಕೆ ಇಳಿಸುವುದಾಗಿ 2025ರ ಫೆಬ್ರವರಿಯಲ್ಲಿ ಹೇಳಿದೆ. ಹೀಗಿರುವಾಗ ಭಾರತ, ಬ್ರಿಟನ್ ಎರಡೂ ಸರ್ಕಾರಗಳು ತಮ್ಮ ತಮ್ಮ ಸಂಸ್ಥೆಗಳಿಗೆ ತಾವೇ ಹಣ ಕೊಡುವ ಮಾದರಿ ಹೆಚ್ಚು ಭದ್ರವೆಂದು ನನಗೆ ತೋರುತ್ತದೆ. ಹಿಂದೆ ಎರಡೂ ದೇಶಗಳ ಜಂಟಿ ನ್ಯೂಟನ್–ಭಾಭಾ ನಿಧಿಯಡಿ ಕಾವೇರಿ ಕಣಿವೆಯ ನೀರಿನ ಅಧ್ಯಯನಕ್ಕೆ ಭಾರತದ ಭೂವಿಜ್ಞಾನ ಸಚಿವಾಲಯ ಭಾರತೀಯ ಸಂಸ್ಥೆಗಳಿಗೂ, ಬ್ರಿಟನ್ನಿನ ಪರಿಸರ ಸಂಶೋಧನಾ ಮಂಡಳಿ ಅಲ್ಲಿನವರಿಗೂ ಹೀಗೆಯೇ ಕೊಟ್ಟವು. ಅದರಲ್ಲಿ ಎರಡು ಕಡೆಯ ಕಂತುಗಳು ಒಂದೇ ಕಾಲಕ್ಕೆ ಬಿಡುಗಡೆಯಾಗದಿರಬಹುದು ಎಂಬ ಕಷ್ಟವುಂಟು. ಈಗ ಪಾವಗಡದ ಕೆಲಸವನ್ನು ಮುಂದುವರಿಸಲು ತಯಾರಾಗುತ್ತಿರುವ ಪ್ರಸ್ತಾವನೆಗೆ ಆ ಅಧ್ಯಾಪಕಿಯೇ ಮುಖ್ಯ ಸಂಶೋಧಕರು. ಬಜೆಟ್ಟಿನ ಮೊದಲ ಕರಡನ್ನು ಅವರ ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿ ಬರೆಯುತ್ತಿದ್ದಾರೆ, ನಾನು ಇಂಗ್ಲೆಂಡಿನ ಪಾಲಿನ ಅಂಕಿಗಳನ್ನು ಅವರಿಗೆ ಕಳುಹಿಸುತ್ತಿದ್ದೇನೆ.